ಕೆ. ರಾಮಚಂದ್ರ (ಗಣಿತಜ್ಞ)

ಕೆ. ರಾಮಚಂದ್ರ (18 ಆಗಸ್ಟ್ 1933 – 17 ಜನವರಿ 2011) ಕರ್ನಾಟಕದ ಸಂಖ್ಯಾಸಿದ್ಧಾಂತ ವಿದ್ವಾಂಸರು. ದೊಡ್ಡ ಅವಿಭಾಜ್ಯ ಅಪವರ್ತನವುಳ್ಳ ಸಂಖ್ಯೆಗಳ ಕುರಿತ ಇವರ ಫಲಿತಾಂಶಗಳು ಪ್ರಸಿದ್ಧವಾಗಿವೆ.

ಜೀವನ

ಮಂಡ್ಯದಲ್ಲಿ ಜನಿಸಿದ ರಾಮಚಂದ್ರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ತಂದೆ ದುಡಿದಿದ್ದ ಮಿನರ್ವ ಗಿರಣಿಯಲ್ಲಿಯೇ ಗುಮಾಸ್ತರಾಗಿದ್ದುಕೊಂಡು, ಬಿಡುವಿನ ವೇಳೆಯಲ್ಲಿ ಶ್ರೀನಿವಾಸ ರಾಮಾನುಜನ್ನರ ಪ್ರಮೇಯಗಳನ್ನು ಸ್ವಂತ ಪ್ರಯತ್ನದಿಂದ ಅಭ್ಯಸಿಸಿದರು. ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದರು. 1958ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿ, ಕೆ. ಜಿ. ರಾಮನಾಥನ್ ಅವರ ಮಾರ್ಗದರ್ಶನದಲ್ಲಿ 1965ರಲ್ಲಿ ಡಾಕ್ಟರೇಟ್ ಪಡೆದರು.

ಅವಿಭಾಜ್ಯ ಸಂಖ್ಯೆಗಳು

100ರ ವರ್ಗಮೂಲ 10. ನೂರರ ನಂತರದ ಹತ್ತು ಸಂಖ್ಯೆಗಳಲ್ಲಿ 101, 103, 107, 109 ಎಂಬ ನಾಲ್ಕು ಅವಿಭಾಜ್ಯಗಳಿವೆ. ಯಾವುದೇ ದೊಡ್ಡ ಸಂಖ್ಯೆಯನ್ನು ತೆಗೆದುಕೊಂಡು, ಅದರ ವರ್ಗಮೂಲದಷ್ಟು ದೂರ ಮುಂದೆ ಸಾಗಿದರೆ ಒಂದಾದರೂ ಅವಿಭಾಜ್ಯ ಸಿಕ್ಕೇ ಸಿಗುತ್ತದೆಯೆ? ನೋಡಲು ಸುಲಭವಾದ ಈ ಪ್ರಶ್ನೆಗೆ ಇಂದಿಗೂ ಸಾಧನೆ ದೊರೆತಿಲ್ಲ. ರಾಮಚಂದ್ರರು ಪ್ರಶ್ನೆಯನ್ನು ತುಸು ಸಡಿಲಿಸಿದರು: ಆ ಅಂತರದೊಳಗೆ ಅವಿಭಾಜ್ಯ ಸಿಗದಿದ್ದರೂ, ಬಹುದೊಡ್ಡ ಅವಿಭಾಜ್ಯವೊಂದರಿಂದ ಭಾಗವಾಗುವ ಸಂಖ್ಯೆಯಾದರೂ ಇರಲೇಬೇಕಲ್ಲವೆ? ಆ ಅವಿಭಾಜ್ಯವು ಆರಂಭದ ಸಂಖ್ಯೆಯ 15/26ನೆಯ ಘಾತವನ್ನು ಮೀರುತ್ತದೆಂದು 1969ರಲ್ಲಿ ಸಾಧಿಸಿದರು. ಮರುವರ್ಷ ಅದನ್ನು 5/8ಕ್ಕೆ ಏರಿಸಿದರು. 1ರ ಮುಂದೆ 24 ಸೊನ್ನೆಗಳಿರುವ ಸಂಖ್ಯೆಗೆ 5/8ನೆಯ ಘಾತವೆಂದರೆ 1ರ ಮುಂದೆ 15 ಸೊನ್ನೆ. ಆದರೆ ಈ ಪ್ರಮೇಯ ಸಾಕಷ್ಟು ದೊಡ್ಡ ಸಂಖ್ಯೆಗಳಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ನಂತರದ ಗಣಿತಜ್ಞರು ಘಾತವನ್ನು 0.7ಕ್ಕಿಂತ ಮೇಲಕ್ಕೆ ಒಯ್ದಿದ್ದಾರೆ. ಅದು 1ನ್ನು ಮುಟ್ಟಿಲ್ಲ.

ಶಾಲಾ ವಿದ್ಯಾರ್ಥಿಯೂ ಕಾಗದದ ಮೇಲೆ ಮಾಡಿ ನೋಡಬಹುದಾದ ಇನ್ನೊಂದು ವಿಷಯ ಗ್ರಿಮ್ ಊಹೆ. 23 ಮತ್ತು 29ರ ನಡುವಿನ ಐದೂ ಸಂಖ್ಯೆಗಳು ಸಂಯುಕ್ತ ಸಂಖ್ಯೆಗಳು. 24ಕ್ಕೆ 2, 25ಕ್ಕೆ 5, 26ಕ್ಕೆ 13, 27ಕ್ಕೆ 3, 28ಕ್ಕೆ 7, ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಅವಿಭಾಜ್ಯ ಅಪವರ್ತನವನ್ನು ಹಂಚಬಹುದು. ಇಂಥ ಹಂಚಿಕೆ ಎಲ್ಲೆಡೆ ಸಾಧ್ಯವೆಂಬುದೇ ಊಹೆ. ಒಂದು ಸಂಖ್ಯೆಯಿಂದ ಮುಂದಕ್ಕೆ ಎಷ್ಟು ದೂರದವರೆಗೆ ಇದು ಖಂಡಿತವಾಗಿ ಸಾಧ್ಯವೆಂಬುದನ್ನು ರಾಮಚಂದ್ರ, ಶಿಷ್ಯರಾದ ಟಿ. ಎನ್. ಶೋರೆ ಮತ್ತು ಡಚ್ ಗಣಿತಜ್ಞ ಟೈಡೆಮನ್ 1975ರಲ್ಲಿ ತೋರಿಸಿದರು. ಪೂರ್ಣ ಊಹೆ ಸಾಧಿತವಾಗಿಲ್ಲ.

ಅಬೀಜೀಯ ಸಂಖ್ಯೆಗಳ ಕ್ಷೇತ್ರದ ಷಡ್‌ಘಾತ ಪ್ರಮೇಯದೊಂದಿಗೂ ಇವರ ಹೆಸರು ಸೇರಿದೆ.

ಪತ್ರಿಕೆ ಮತ್ತು ಕೊನೆಯ ವರ್ಷಗಳು

1978ರಲ್ಲಿ ಶಿಷ್ಯ ಆರ್. ಬಾಲಸುಬ್ರಮಣಿಯನ್ ಅವರೊಡನೆ ಹಾರ್ಡಿ-ರಾಮಾನುಜನ್ ಜರ್ನಲ್ ಆರಂಭಿಸಿದರು. ಇದು ರಾಮಾನುಜನ್ನರ ಜನ್ಮದಿನವಾದ ಡಿಸೆಂಬರ್ 22ರಂದು ಹೊರಬರುತ್ತಿತ್ತು. 1995ರಲ್ಲಿ ನಿವೃತ್ತರಾಗಿ ಬೆಂಗಳೂರಿಗೆ ಹಿಂದಿರುಗಿದ ಬಳಿಕ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಸಂಶೋಧನೆ ಮುಂದುವರಿಸಿದರು. 2011ರಲ್ಲಿ, 77ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಿಧನ ಹೊಂದಿದರು. ಅವರ ಪತ್ರಿಕೆಯ ಸಂಚಿಕೆಗಳು ಈಗ ಅಂತರಜಾಲದಲ್ಲಿ ಉಚಿತವಾಗಿ ಲಭ್ಯವಿವೆ.