ಚೆಂಡೂ ಬಿಡಲಿಲ್ಲ, ಓದೂ ಬಿಡಲಿಲ್ಲ: ಡಾ. ತಾಲಿಮೆರೆನ್ ಆವೊ



ಹೋದ ತಿಂಗಳ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಮ್ಮ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಮಗ ಪ್ಲಸ್ ಟು. ಕಾಲ್ಚೆಂಡಿನಲ್ಲಿ ಜಿಲ್ಲಾ ಮಟ್ಟದ ತನಕ ಹೋಗಿದ್ದಾನೆ. ಪರೀಕ್ಷೆ ಮುಗಿದ ಕೂಡಲೇ ಬೆಂಗಳೂರಿಗೆ ಹೋಗಿ ಆಟವನ್ನೇ ನಂಬಿ ಬದುಕುತ್ತೇನೆ ಎನ್ನುತ್ತಾನೆ. ಅಪ್ಪನಿಗೆ ಆತ ನರ್ಸಿಂಗ್ ಸೇರಲಿ ಎಂದು ಆಸೆ. ಮನೆಯಲ್ಲಿ ಹತ್ತು ದಿನದಿಂದ ಅಪ್ಪ ಮಗ ಮಾತಿಲ್ಲ. ಕಾರ್ಯದರ್ಶಿಗಳು ಒಂದು ಮಾತು ಹೇಳಬೇಕು ಎಂದರು.

ನಾನು ಮೂವತ್ತು ಚಿಲ್ಲರೆ ವರ್ಷ ಕಡತ ಹೊತ್ತ ಗುಮಾಸ್ತ. ಚಿಕ್ಕಂದಿನಲ್ಲಿ ಹುಬ್ಬತಲೈಯ ಇಳಿಜಾರಿನಲ್ಲಿ ನಾವೂ ಚೆಂಡು ಒದ್ದವರೇ. ಒಮ್ಮೆ ಜೋರಾಗಿ ಒದ್ದರೆ ಚಹಾ ತೋಟಕ್ಕೆ ಉರುಳಿಹೋಗುತ್ತಿತ್ತು, ಹುಡುಕುವುದರಲ್ಲೇ ಸಂಜೆಯಾಗುತ್ತಿತ್ತು. ಆದರೆ ಬುದ್ಧಿ ಹೇಳುವಷ್ಟು ಆಡಿದವನಲ್ಲ. ಹಾಗಾಗಿ ನಿಜವಾಗಿ ಆಡಿದ ಒಬ್ಬರ ಬದುಕನ್ನು ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಅವರು ಕನ್ನಡದವರಲ್ಲ. ಆದರೆ ನಮ್ಮ ಹಾಗೆಯೇ ಬೆಟ್ಟದವರು.

ತಾಲಿಮೆರೆನ್ ಆವೊ ಹುಟ್ಟಿದ್ದು 1918ರ ಜನವರಿ 28ರಂದು, ಚಾಂಗ್ಕಿ ಎಂಬ ಹಳ್ಳಿಯಲ್ಲಿ. ಆಗ ಅದು ಅಸ್ಸಾಮಿಗೆ ಸೇರಿದ ನಾಗಾ ಬೆಟ್ಟಗಳ ಸೀಮೆ, ಇವತ್ತಿನ ನಾಗಾಲ್ಯಾಂಡ್. ಮನೆ ತುಂಬ ಮಕ್ಕಳು, ಹನ್ನೆರಡು ಜನ, ಇವರು ನಾಲ್ಕನೆಯವರು. ತಂದೆ ಸುಬೊಂಗ್ವಾತಿ ಚರ್ಚಿನ ಪಾದ್ರಿ. ಸಂಸಾರ ಇಂಪುರದ ಮಿಷನ್ ಆವರಣಕ್ಕೆ ಬಂದ ಮೇಲೆ ಅಲ್ಲಿಯ ಬಯಲಿನಲ್ಲಿ ಹುಡುಗನಿಗೆ ಚೆಂಡಿನ ಹುಚ್ಚು ಹಿಡಿಯಿತು. ಚೆಂಡು ಎಂದರೆ ಹಳೇ ಬಟ್ಟೆಯ ಉಂಡೆ. ನಮ್ಮಲ್ಲಿಯೂ ಎಷ್ಟೋ ಜನ ಹಾಗೇ ಶುರುಮಾಡಿದವರು.

1935ರಲ್ಲಿ ತಂದೆ ಟೈಫಾಯ್ಡ್ ಜ್ವರದಿಂದ ತೀರಿಕೊಂಡರು. ಮಗನಿಗೆ ಆಗ ಹದಿನೇಳು. ಮಗ ಡಾಕ್ಟರಾಗಿ ತನ್ನ ಜನರ ನಡುವೆ ಕೆಲಸ ಮಾಡಬೇಕು ಎಂಬುದು ತಂದೆಯ ಆಸೆಯಾಗಿತ್ತು. ಇವತ್ತು ಒಂದು ಮಾತ್ರೆ ಚೀಟಿಯಲ್ಲಿ ವಾಸಿಯಾಗುವ ಜ್ವರ. ಅಂದಿನ ಬೆಟ್ಟದಲ್ಲಿ ಮನುಷ್ಯ ಸಾಯುತ್ತಿದ್ದ. ಆ ಆಸೆಗೆ ಎಷ್ಟು ಭಾರವಿತ್ತು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಜೋರ್ಹಾಟಿನಲ್ಲಿ ಶಾಲೆ, ಆಮೇಲೆ ಗುವಾಹಟಿಯ ಕಾಟನ್ ಕಾಲೇಜು. ಗುವಾಹಟಿಯಲ್ಲಿ ಮಹಾರಾಣಾ ಕ್ಲಬ್ಬಿಗೆ ಆಡಿದರು. 1942ರಲ್ಲಿ ಕಲ್ಕತ್ತೆಯ ಕಾರ್‌ಮೈಕೇಲ್ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಈಗ ಅದನ್ನೇ ಆರ್.ಜಿ. ಕರ್ ಕಾಲೇಜು ಎನ್ನುವುದು. ಮರುವರ್ಷ ಮೋಹನ್ ಬಗಾನ್ ಅವರನ್ನು ಸೇರಿಸಿಕೊಂಡಿತು. ಎತ್ತರದ ಆಳು, ರಕ್ಷಣೆಯಲ್ಲಿ ಗೋಡೆ.

ಇಲ್ಲಿ ಒಂದು ಲೆಕ್ಕ ಹೇಳಬೇಕು, ಗುಮಾಸ್ತನ ಬುದ್ಧಿ ಬಿಡದು. 1942ರಲ್ಲಿ ಸೇರಿದ ಆವೊ ಎಂ.ಬಿ.ಬಿ.ಎಸ್. ಮುಗಿಸಿದ್ದು 1950ರಲ್ಲಿ. ಎಂಟು ವರ್ಷ! ನಡುವೆ ಬಂಗಾಳದ ಬರ, ಯುದ್ಧ, ಗಲಭೆ, ದೇಶ ವಿಭಜನೆ ಎಲ್ಲ ಕಲ್ಕತ್ತೆಯನ್ನು ಹಾದುಹೋದವು ಎಂಬುದು ನಿಜ. ಆದರೂ ಆಟ ಓದಿನ ಹೊತ್ತನ್ನು ತಿಂದೇ ಇರಬೇಕು ಎಂದು ನನ್ನ ಅಂದಾಜು. ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಎನ್ನುತ್ತಾರೆ. ಇವರು ಮುಳುಗಲಿಲ್ಲ, ದಡ ಸೇರುವುದು ತಡವಾಯಿತು ಅಷ್ಟೇ. ಆ ತಡವನ್ನು ಅವರು ಒಪ್ಪಿಕೊಂಡರು ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ. ಅಂದಿನ ಆಟಗಾರನಿಗೆ ಆಟದಿಂದ ಸಂಬಳವಿರಲಿಲ್ಲ. ಹೊಟ್ಟೆಪಾಡಿಗೆ ರೈಲ್ವೆ, ಬಂದರು, ಸರ್ಕಾರಿ ಕಚೇರಿ ಎಂದು ಎಲ್ಲಾದರೂ ಒಂದು ಕೆಲಸ ಬೇಕೇ ಬೇಕು. ಅವರ ಜೊತೆಗಾರ ಶೈಲೇನ್ ಮನ್ನಾ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯಲ್ಲಿ ನೌಕರಿ ಮಾಡಿದರು.

1948. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಒಲಿಂಪಿಕ್ಸ್, ಲಂಡನ್ನಿನಲ್ಲಿ. ಕಾಲ್ಚೆಂಡು ತಂಡಕ್ಕೆ ಆವೊ ನಾಯಕ. ಉದ್ಘಾಟನೆಯ ದಿನ ಇಡೀ ಭಾರತದ ಬಾವುಟ ಹಿಡಿದು ಮುಂದೆ ನಡೆದವರೂ ಅವರೇ. ನಾಗಾ ಬೆಟ್ಟದ ಪಾದ್ರಿಯ ಮಗ, ಇನ್ನೂ ವೈದ್ಯಕೀಯ ವಿದ್ಯಾರ್ಥಿ! ನಮ್ಮ ಓದುಗರಿಗೆ ಸಂತೋಷವಾಗುವ ಸಂಗತಿ ಇನ್ನೊಂದಿದೆ: ಆ ತಂಡದಲ್ಲಿ ನಮ್ಮ ಹಳೇ ಮೈಸೂರಿನ ದೊಡ್ಡ ಪಾಲಿತ್ತು. ಬೆಂಗಳೂರಿನ ರಾಮನ್, ಅಹ್ಮದ್ ಖಾನ್, ಧನರಾಜ್, ವಜ್ರವೇಲು ಎಲ್ಲರೂ ಇದ್ದರು. ಅದಕ್ಕೆ ಸ್ವಲ್ಪ ಮೊದಲು ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು.

ಜುಲೈ 31ರಂದು ಇಲ್‌ಫರ್ಡ್ ಮೈದಾನದಲ್ಲಿ ಫ್ರಾನ್ಸ್ ಎದುರು ಪಂದ್ಯ. ನಮ್ಮವರಲ್ಲಿ ಬಹುಪಾಲು ಜನ ಬರಿಗಾಲು. ಫ್ರಾನ್ಸ್ ಮೊದಲ ಗೋಲು ಹೊಡೆಯಿತು. ಎರಡನೇ ಅರ್ಧದಲ್ಲಿ ರಾಮನ್ ಸಮ ಮಾಡಿದರು. ಒಲಿಂಪಿಕ್ಸ್ ಕಾಲ್ಚೆಂಡಿನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದದ್ದು ಬೆಂಗಳೂರಿನವರು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಆದರೆ ಸಿಕ್ಕ ಎರಡು ಪೆನಾಲ್ಟಿಗಳು ವ್ಯರ್ಥವಾದವು. ಕೊನೆಯ ನಿಮಿಷಗಳಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ಬರಿಗಾಲಿನ ವಿಚಾರ ಕೇಳಿದ ಪತ್ರಕರ್ತರಿಗೆ ಆವೊ ನಗುತ್ತಾ, ನಾವು ಆಡುವುದು ಕಾಲಿನ ಚೆಂಡು, ನೀವು ಆಡುವುದು ಬೂಟಿನ ಚೆಂಡು ಎಂಬರ್ಥದ ಉತ್ತರ ಕೊಟ್ಟರೆಂದು ಪ್ರತೀತಿ. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಅವರನ್ನು ಕರೆದಿತ್ತು, ಓದು ಮುಗಿಸಬೇಕೆಂದು ಅವರು ಒಲ್ಲೆ ಎಂದರು ಎಂದೂ ಹೇಳುತ್ತಾರೆ. ಕರೆದದ್ದು ಎಷ್ಟರಮಟ್ಟಿಗೆ ಎಂಬುದು ಹಾಗಿರಲಿ, ಅವರು ಹಿಂದಿರುಗಿ ಕಲ್ಕತ್ತೆಯ ಕಾಲೇಜಿಗೇ ಹೋದರು ಎಂಬುದಂತೂ ಖಚಿತ.

1951ರ ಮಾರ್ಚಿನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ನಾಯಕ ಮನ್ನಾ. ಅಹ್ಮದ್ ಖಾನ್ ಆಡಿದರು. ಆವೊ ಆ ತಂಡದಲ್ಲಿರಲಿಲ್ಲ. ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ. ಮೂರು ವರ್ಷ ಹಿಂದೆ ಬಾವುಟ ಹಿಡಿದವರಿಗೆ ಪದಕವಿಲ್ಲ. ಆಗ ಅವರ ಕೈಯಲ್ಲಿದ್ದದ್ದು ವೈದ್ಯ ಪದವಿ.

1953ರಲ್ಲಿ ಕೊಹಿಮಾದಲ್ಲಿ ಸಹಾಯಕ ಸಿವಿಲ್ ಸರ್ಜನ್ ಆದರು. ನೆಮ್ಮದಿಯ ಕಾಲವಲ್ಲ ಅದು. ನಾಗಾ ಬೆಟ್ಟಗಳಲ್ಲಿ ಬಂಡಾಯ, ಸೇನೆ, ಗುಂಡಿನ ಸದ್ದು. 1963ರಲ್ಲಿ ನಾಗಾಲ್ಯಾಂಡ್ ರಾಜ್ಯವಾಯಿತು. ಆವೊ ಮೇಲೇರುತ್ತಾ 1978ರಲ್ಲಿ ರಾಜ್ಯದ ಆರೋಗ್ಯ ಸೇವೆಗಳ ನಿರ್ದೇಶಕರಾಗಿ ನಿವೃತ್ತರಾದರು. 1998ರ ಸೆಪ್ಟೆಂಬರಿನಲ್ಲಿ ಎಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ದೇಶ ಅವರನ್ನು ಬಹುಕಾಲ ಮರೆತಿತ್ತು. ಆಮೇಲೆ ಈಶಾನ್ಯ ರಾಜ್ಯಗಳ ನಡುವೆ ಅವರ ಹೆಸರಿನ ಟ್ರೋಫಿ ಶುರುವಾಯಿತು, 2018ರಲ್ಲಿ ಅಂಚೆ ಚೀಟಿಯೂ ಬಂತು.

ಇಷ್ಟನ್ನೂ ಆ ಹುಡುಗನಿಗೆ ಮೊನ್ನೆ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಕೂರಿಸಿ ಹೇಳಿದೆ. ಅಪ್ಪನೂ ಇದ್ದರು. ಹುಡುಗ ಜಾಣ. ಎಲ್ಲ ಕೇಳಿ, ಅವರು ಓದುತ್ತಿದ್ದಾಗ ಆಡುವುದಕ್ಕೆ ಯಾರೂ ಅಡ್ಡ ಬರಲಿಲ್ಲವಲ್ಲ ಮಾಮ ಎಂದ. ನಾನು ಅಪ್ಪನ ಮುಖ ನೋಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಟದ ತಂಡವಿರುವ ನರ್ಸಿಂಗ್ ಕಾಲೇಜು ಎಲ್ಲಾದರೂ ಇದೆಯೇ ವಿಚಾರಿಸಿ ಎಂದರು.

ಕೊಯಮತ್ತೂರು, ಮೈಸೂರು, ಬೆಂಗಳೂರು ಕಡೆ ಇಂಥ ಕಾಲೇಜಿನ ಮಾಹಿತಿ ಇರುವವರು, ಗೂಡಲೂರು, ಮಸಿನಗುಡಿ, ತಾಳವಾಡಿ, ಹೊಸೂರಿನ ಸದಸ್ಯರೂ ಸೇರಿ, ಮುಂದಿನ ಸಭೆಗೆ ಬರುವಾಗ ದಯವಿಟ್ಟು ಬರೆದು ತನ್ನಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಹುಬ್ಬತಲೈ