ಫುಟ್‌ಬಾಲ್ ನಿಲ್ಲಿಸಿದ ಶಿಕ್ಷಣ ತಜ್ಞ: ರಾಬರ್ಟ್ ಮೇನಾರ್ಡ್ ಹಚಿನ್ಸ್

ಶಿಕ್ಷಣದ ತಾತ್ವಿಕ ತಳಹದಿಗಳನ್ನು ಓದುವಾಗ ಹಚಿನ್ಸ್ ಅವರ ಹೆಸರು ನಮಗೆಲ್ಲ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಶಾಶ್ವತವಾದದ ಪ್ರತಿಪಾದಕರು, ಮಾರ್ಟಿಮರ್ ಆಡ್ಲರ್ ಅವರ ಒಡನಾಡಿ, ಮಹಾಗ್ರಂಥಗಳನ್ನು ಓದಿಸಬೇಕೆಂದವರು ಎಂದು ಟಿಪ್ಪಣಿ ಬರೆದುಕೊಂಡು ಪುಟ ತಿರುಗಿಸುತ್ತೇವೆ. ಇದೇ ಹಚಿನ್ಸ್ ತಮ್ಮ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ತಂಡವನ್ನು ಮುಚ್ಚಿಸಿದರು ಎಂಬ ಸಂಗತಿ ಆ ಟಿಪ್ಪಣಿಯಲ್ಲಿ ಇರುವುದಿಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಅಭ್ಯಾಸ ಬೋಧನೆಗೆ ಹೋಗುತ್ತಿದ್ದ ದಿನಗಳಲ್ಲಿ, ಶಾಲೆಯಲ್ಲಿ ಆಟಕ್ಕೆ ಎಷ್ಟು ಜಾಗ, ಎಷ್ಟು ಸಮಯ, ಎಷ್ಟು ಹಣ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿತು. ಆ ಪ್ರಶ್ನೆಯನ್ನು ಹಿಡಿದು ಹಚಿನ್ಸ್ ಅವರ ಜೀವನವನ್ನು ಓದಿದೆ. ಓದಿದ್ದನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಹಚಿನ್ಸ್ ಹುಟ್ಟಿದ್ದು 1899ರ ಜನವರಿ 17ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ವಿಲಿಯಂ ಜೇಮ್ಸ್ ಹಚಿನ್ಸ್ ಕ್ರೈಸ್ತ ಪಾದ್ರಿ. ಮುಂದೆ ಕೆಂಟಕಿ ರಾಜ್ಯದ ಬೆರಿಯಾ ಕಾಲೇಜಿನ ಅಧ್ಯಕ್ಷರಾದರು. ಬಾಲಕ ರಾಬರ್ಟ್ ಬೆಳೆದದ್ದು ಓಹಾಯೋ ರಾಜ್ಯದ ಓಬರ್ಲಿನ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿನ ಕಾಲೇಜಿನಲ್ಲಿ ಓದುತ್ತಿದ್ದಾಗ ಮೊದಲನೆಯ ಮಹಾಯುದ್ಧ ಬಂತು. ಸೇನೆಯ ಆಂಬುಲೆನ್ಸ್ ದಳಕ್ಕೆ ಸೇರಿ ಇಟಲಿಯಲ್ಲಿ ಸೇವೆ ಸಲ್ಲಿಸಿದರು. ಹಿಂದಿರುಗಿದ ಮೇಲೆ ದುಡಿದುಕೊಂಡೇ ಓದಿ 1921ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪದವಿ ಪಡೆದರು. 1925ರಲ್ಲಿ ಕಾನೂನು ಪದವಿಯೂ ಆಯಿತು. ಮೂವತ್ತು ತುಂಬುವ ಮೊದಲೇ ಯೇಲ್ ಕಾನೂನು ಶಾಲೆಯ ಡೀನ್ ಆದರು. 1929ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ಪದವಿ ಅವರನ್ನು ಹುಡುಕಿಕೊಂಡು ಬಂತು. ನಮ್ಮ ಕಡೆಯ ಲೆಕ್ಕದಲ್ಲಿ ಅದು ಕುಲಪತಿಯ ಸ್ಥಾನ. ಅದೇ ವರ್ಷ ಅಮೆರಿಕದ ಷೇರುಪೇಟೆ ಕುಸಿದು ಮಹಾ ಆರ್ಥಿಕ ಕುಸಿತ ಶುರುವಾಯಿತು.

ಇಲ್ಲಿ ಒಂದು ವಿವರಣೆ ಬೇಕು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಕಾಲಿನಿಂದ ಒದೆಯುವ ಆಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಮೈಮೇಲೆ ಬಿದ್ದು ಕೆಡಹುವ ಒರಟು ಆಟವದು. ಅಲ್ಲಿನ ಕಾಲೇಜುಗಳಲ್ಲಿ ಇದು ಬರೀ ಆಟವಾಗಿರಲಿಲ್ಲ. ಕ್ರೀಡಾಂಗಣ ಕಟ್ಟಿ, ಟಿಕೆಟ್ ಮಾರಿ, ಹಳೆಯ ವಿದ್ಯಾರ್ಥಿಗಳನ್ನು ಸೇರಿಸಿ ನಡೆಸುವ ದೊಡ್ಡ ಉದ್ಯಮವಾಗಿತ್ತು. 1929ರಲ್ಲಿಯೇ ಕಾರ್ನೆಗಿ ಪ್ರತಿಷ್ಠಾನವು ನೂರಕ್ಕೂ ಹೆಚ್ಚು ಕಾಲೇಜುಗಳನ್ನು ಪರಿಶೀಲಿಸಿ ಒಂದು ವರದಿ ಪ್ರಕಟಿಸಿತು. ಬಹುಪಾಲು ಕಾಲೇಜುಗಳು ಆಟಗಾರರನ್ನು ಯಾವುದಾದರೊಂದು ರೂಪದಲ್ಲಿ ಹಣ ಕೊಟ್ಟು ಸೇರಿಸಿಕೊಳ್ಳುತ್ತಿದ್ದವು ಎಂಬುದು ಅದರಿಂದ ಬಯಲಾಯಿತು.

ಶಿಕಾಗೋ ವಿಶ್ವವಿದ್ಯಾಲಯ ಈ ಆಟದಲ್ಲಿ ಒಂದು ಕಾಲಕ್ಕೆ ಮುಂಚೂಣಿಯಲ್ಲಿತ್ತು. 1892ರಲ್ಲಿ ತರಗತಿಗಳು ಆರಂಭವಾದಾಗಲೇ ಮೊದಲ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಅವರು ಏಮಸ್ ಅಲೊಂಜೊ ಸ್ಟ್ಯಾಗ್ ಎಂಬ ತರಬೇತುದಾರರನ್ನು ಕರೆತಂದಿದ್ದರು. ಹೊಸ ವಿದ್ಯಾಸಂಸ್ಥೆಯ ಹೆಸರು ಊರೂರಿಗೆ ಮುಟ್ಟಲು ಫುಟ್‌ಬಾಲ್ ಒಳ್ಳೆಯ ದಾರಿ ಎಂದು ಹಾರ್ಪರ್ ನಂಬಿದ್ದರು. ಸ್ಟ್ಯಾಗ್ ನಲವತ್ತು ವರ್ಷ ತಂಡ ನಡೆಸಿದರು. ಆಟದ ಮೈದಾನಕ್ಕೆ ಅವರ ಹೆಸರನ್ನೇ ಇಡಲಾಯಿತು. ಅವರಿಗೆ ಎಪ್ಪತ್ತು ವರ್ಷವಾದಾಗ, 1932ರಲ್ಲಿ, ನಿಯಮದಂತೆ ನಿವೃತ್ತಿ ಕೊಟ್ಟವರು ಹಚಿನ್ಸ್. ಹಿರಿಯರನ್ನು ಹೀಗೆ ಕಳಿಸಿದರಲ್ಲ ಎಂದು ನೊಂದವರು ಬಹಳ ಮಂದಿ. ಸ್ಟ್ಯಾಗ್ ಮಾತ್ರ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಇನ್ನೊಂದು ಕಾಲೇಜಿನಲ್ಲಿ ವರ್ಷಗಟ್ಟಲೆ ತರಬೇತಿ ಕೊಟ್ಟು, ನೂರು ದಾಟಿ ಬದುಕಿದರು.

ತಂಡದಲ್ಲಿ ಒಳ್ಳೆಯ ಆಟಗಾರರು ಇರಲೇ ಇಲ್ಲ ಎನ್ನುವಂತಿಲ್ಲ. ಮುಂದೆ ಹೈಸ್‌ಮನ್ ಟ್ರೋಫಿ ಎಂದು ಪ್ರಸಿದ್ಧವಾದ ಪ್ರಶಸ್ತಿ 1935ರಲ್ಲಿ ಮೊಟ್ಟಮೊದಲು ಸಂದದ್ದು ಶಿಕಾಗೋದ ಜೇ ಬರ್ವಾಂಗರ್ ಅವರಿಗೆ. ಆದರೆ ಹಚಿನ್ಸ್ ಓದಿನ ಮಟ್ಟವನ್ನು ಬಿಗಿಗೊಳಿಸಿದ್ದರು. ವಿದ್ಯಾರ್ಥಿಗಳು ದೀರ್ಘವಾದ ಸಮಗ್ರ ಪರೀಕ್ಷೆಗಳನ್ನು ಪಾಸು ಮಾಡಬೇಕಿತ್ತು. ಆಟಗಾರರಿಗಾಗಿ ಸುಲಭದ ವಿಷಯಗಳಾಗಲಿ, ಆಟಕ್ಕೆಂದೇ ವಿದ್ಯಾರ್ಥಿವೇತನವಾಗಲಿ ಇರಲಿಲ್ಲ. ಎದುರಾಳಿ ವಿಶ್ವವಿದ್ಯಾಲಯಗಳಾದರೋ ದೊಡ್ಡ ದೊಡ್ಡ ತಂಡಗಳನ್ನು ಕಟ್ಟಿದ್ದವು. 1939ರಲ್ಲಿ ಫಲಿತಾಂಶ ಕಣ್ಣಿಗೆ ಹೊಡೆಯುವಂತೆ ಬಂತು. ಹಾರ್ವರ್ಡ್ ಎದುರು 61–0, ಮಿಷಿಗನ್ ಎದುರು 85–0, ಓಹಾಯೋ ಸ್ಟೇಟ್ ಎದುರು 61–0 ಅಂತರದಲ್ಲಿ ಶಿಕಾಗೋ ಸೋತಿತು.

ಹಚಿನ್ಸ್ ತಮ್ಮ ವಾದವನ್ನು ಸೋಲಿನ ಮೇಲೆ ಕಟ್ಟಲಿಲ್ಲ. ಹಿಂದಿನ ವರ್ಷವೇ, 1938ರಲ್ಲಿ, ಒಂದು ಜನಪ್ರಿಯ ವಾರಪತ್ರಿಕೆಯಲ್ಲಿ ಅವರು ಕಾಲೇಜು ಕ್ರೀಡೆಯ ಹಣಕಾಸಿನ ಬಗ್ಗೆ ಬರೆದಿದ್ದರು. ಫುಟ್‌ಬಾಲ್ ಗಳಿಸುವ ಹಣದಿಂದ ಉಳಿದ ಆಟಗಳು ಬದುಕುತ್ತವೆ, ದಾನಿಗಳು ಬರುತ್ತಾರೆ, ಕಾಲೇಜಿಗೆ ಹೆಸರು ಬರುತ್ತದೆ ಎಂಬ ಮಾತುಗಳನ್ನು ಅವರು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದರು. ಟಿಕೆಟ್ ಹಣದ ಮೇಲೆ ನಿಂತ ಆಟ ಗೆಲ್ಲಲೇಬೇಕು. ಗೆಲ್ಲಬೇಕಾದರೆ ಆಟಗಾರರನ್ನು ಕೊಳ್ಳಬೇಕು. ಕೊಳ್ಳಲು ಮತ್ತೆ ಹಣ ಬೇಕು. ಹೀಗೆ ಬಂದ ಹಣ ಆಟದ ಸುತ್ತಲೇ ಗಾಣದೆತ್ತಿನಂತೆ ಸುತ್ತುತ್ತದೆ. ತರಗತಿಗೆ ಬರುವುದಿಲ್ಲ ಎಂಬುದು ಅವರ ತಿಳಿವಳಿಕೆಯ ಸಾರ. ಪ್ರವೇಶ ದರವನ್ನು ಹತ್ತು ಸೆಂಟಿಗೆ ಇಳಿಸಬೇಕು, ತರಬೇತುದಾರರಿಗೆ ಅಧ್ಯಾಪಕರಂತೆ ಸೇವಾಭದ್ರತೆ ಕೊಡಬೇಕು, ಕಾಲೇಜು ಬಿಟ್ಟ ಮೇಲೂ ಆಡಬಹುದಾದ ಆಟಗಳಿಗೆ ಒತ್ತು ಕೊಡಬೇಕು ಎಂದು ಸೂಚಿಸಿದರು.

1939ರ ಡಿಸೆಂಬರಿನಲ್ಲಿ ಆಡಳಿತ ಮಂಡಳಿ ಅಂತರ ಕಾಲೇಜು ಫುಟ್‌ಬಾಲನ್ನು ನಿಲ್ಲಿಸುವ ತೀರ್ಮಾನ ಕೈಗೊಂಡಿತು. ಮರುತಿಂಗಳು ಹಚಿನ್ಸ್ ಸ್ವತಃ ವಿದ್ಯಾರ್ಥಿಗಳ ಮುಂದೆ ನಿಂತು ಕಾರಣಗಳನ್ನು ವಿವರಿಸಿದರು. ನಾವು ಗಮನಿಸಬೇಕಾದ ಅಂಶ ಇಲ್ಲಿದೆ. ನಿಂತದ್ದು ಟಿಕೆಟ್ ಇಟ್ಟು ನಡೆಸುತ್ತಿದ್ದ ಫುಟ್‌ಬಾಲ್ ಪ್ರದರ್ಶನ. ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಆಡುವ ಆಟಗಳು ನಿಲ್ಲಲಿಲ್ಲ. ಇತರ ಕ್ರೀಡೆಗಳಲ್ಲಿ ಶಿಕಾಗೋ 1946ರವರೆಗೂ ಅದೇ ಒಕ್ಕೂಟದಲ್ಲಿ ಸ್ಪರ್ಧಿಸಿತು.

ಖಾಲಿಯಾದ ಕ್ರೀಡಾಂಗಣದ ಕಥೆ ವಿಚಿತ್ರವಾದದ್ದು. 1942ರ ಡಿಸೆಂಬರ್ 2ರಂದು ಅದರ ಪಶ್ಚಿಮ ದಿಕ್ಕಿನ ಪ್ರೇಕ್ಷಕರ ಕಟ್ಟೆಯ ಅಡಿಯಲ್ಲಿ ಎನ್ರಿಕೋ ಫೆರ್ಮಿ ಮತ್ತು ಸಂಗಡಿಗರು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆಯನ್ನು ಸಾಧಿಸಿದರು. ಅಣುಬಾಂಬಿನ ದಾರಿ ತೆರೆದದ್ದು ಅಲ್ಲಿ. ಯುದ್ಧ ಮುಗಿದ ಮೇಲೆ ಹಚಿನ್ಸ್ ವಿಶ್ವ ಸಂವಿಧಾನವೊಂದರ ಕರಡು ಬರೆಯುವ ಸಮಿತಿಯ ಮುಂದಾಳತ್ವ ವಹಿಸಿದರು. 1970ರಲ್ಲಿ ಅದೇ ಮೈದಾನದ ಜಾಗದಲ್ಲಿ ರೀಗನ್‌ಸ್ಟೈನ್ ಗ್ರಂಥಾಲಯ ತೆರೆಯಿತು. ಫುಟ್‌ಬಾಲ್ ಕೂಡ 1969ರಲ್ಲಿ ಅಧಿಕೃತವಾಗಿ ಮರಳಿ ಬಂತು, ಹಳೆಯ ಆಡಂಬರವಿಲ್ಲದೆ.

ಹಚಿನ್ಸ್ 1951ರಲ್ಲಿ ಶಿಕಾಗೋ ಬಿಟ್ಟು ಫೋರ್ಡ್ ಪ್ರತಿಷ್ಠಾನ ಸೇರಿದರು. 1952ರಲ್ಲಿ ಅವರ ಸಂಪಾದಕತ್ವದಲ್ಲಿ ಪಾಶ್ಚಾತ್ಯ ಮಹಾಗ್ರಂಥಗಳ 54 ಸಂಪುಟಗಳು ಹೊರಬಂದವು. 1959ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಪ್ರಜಾಸತ್ತಾತ್ಮಕ ಸಂಸ್ಥೆಗಳ ಅಧ್ಯಯನ ಕೇಂದ್ರ ಸ್ಥಾಪಿಸಿ, 1977ರ ಮೇ 14ರಂದು ಅಲ್ಲಿಯೇ ತೀರಿಕೊಂಡರು. ಪ್ರಾಧ್ಯಾಪಕರ ಮೇಲೆ ಕಮ್ಯುನಿಸ್ಟರೆಂಬ ಆರೋಪ ಬಂದಾಗ ಅವರ ಪರ ನಿಂತದ್ದು ಅವರ ದೊಡ್ಡಗುಣ. ಕೊರತೆಗಳೂ ಇದ್ದವು. ಆ 54 ಸಂಪುಟಗಳಲ್ಲಿ ಒಬ್ಬ ಲೇಖಕಿಯೂ ಇಲ್ಲ. ಬುದ್ಧಿಯ ತರಬೇತಿಯೇ ಶಿಕ್ಷಣ ಎನ್ನುವ ಭರದಲ್ಲಿ ದೇಹಕ್ಕೂ ಕಲಿಕೆಗೂ ಇರುವ ನಂಟಿನ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ.

ಈ ಜೀವನ ಕಥೆಯನ್ನು ಗುಂಡ್ಲುಪೇಟೆಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಹೇಳಿದೆ. ಗಡಿಯಾಚೆಯ ವಯನಾಡು ಹತ್ತಿರವಿರುವುದರಿಂದ ಫುಟ್‌ಬಾಲ್ ಎಂದರೆ ಆ ಮಕ್ಕಳಿಗೆ ಅಪರಿಚಿತವಲ್ಲ. ಕಪ್ಪುಹಲಗೆಯ ಮೇಲೆ 85–0 ಎಂದು ಬರೆದಾಗ ತರಗತಿ ಗೊಳ್ಳೆಂದಿತು. ಆಟ ನಿಂತಿತು ಎಂದಾಗ ನಗು ನಿಂತಿತು. ಒಬ್ಬ ಹುಡುಗಿ ಎದ್ದು, ಹಾಗಾದರೆ ಅಲ್ಲಿ ಹುಡುಗಿಯರು ಏನು ಆಡುತ್ತಿದ್ದರು ಎಂದು ಕೇಳಿದಳು. ಎಷ್ಟು ಜನ ಆಡುತ್ತಿದ್ದರು, ಎಷ್ಟು ಜನ ನೋಡುತ್ತಿದ್ದರು ಎಂದು ನಾನು ತಿರುಗಿ ಕೇಳಿದೆ. ಅಂಕಣದಲ್ಲಿ ಹನ್ನೊಂದು, ಕಟ್ಟೆಯ ಮೇಲೆ ಸಾವಿರಾರು ಎಂಬ ಲೆಕ್ಕವನ್ನು ಮಕ್ಕಳೇ ಮಾಡಿದರು. ಆಮೇಲೆ ಅವರ ಮಾತು ತಮ್ಮ ಶಾಲೆಗೇ ಬಂತು. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಹೋಗುವವರು ಮೈದಾನದಲ್ಲಿ, ಉಳಿದವರು ನೆರಳಿನಲ್ಲಿ. ಎಸ್ಸೆಸ್ಸೆಲ್ಸಿಯವರಿಗಂತೂ ಪಿ.ಟಿ. ಪೀರಿಯಡ್ಡಿನಲ್ಲಿ ಗಣಿತದ ವಿಶೇಷ ತರಗತಿ.

ಶಿಕಾಗೋದಲ್ಲಿ ಒಂದು ತಂಡ ಹೋಯಿತು, ಆಟ ಉಳಿಯಿತು. ನಮ್ಮಲ್ಲಿ ಅನೇಕ ಕಡೆ ಒಂದು ತಂಡ ಉಳಿಯುತ್ತದೆ, ಆಟ ಹೋಗುತ್ತದೆ. ಎರಡನ್ನೂ ಓದಿಗಾಗಿ ಮಾಡಿದ ತ್ಯಾಗವೆಂದೇ ಕರೆಯಬಹುದು. ಆದರೆ ಎರಡೂ ಒಂದೇ ಅಲ್ಲ. ನಮ್ಮ ಕಾಲೇಜುಗಳಲ್ಲಿ ಟಿಕೆಟ್ ಹಣವಿಲ್ಲ. ಇರುವುದು ಶುಲ್ಕದ ರಸೀದಿಯಲ್ಲಿ ಎಲ್ಲ ವಿದ್ಯಾರ್ಥಿಗಳೂ ಕಟ್ಟುವ ಕ್ರೀಡಾ ಶುಲ್ಕ. ಎಲ್ಲರೂ ಕಟ್ಟಿದ ಹಣ ಹನ್ನೆರಡು ಜನರ ಜರ್ಸಿಗೆ, ಬಸ್ ಚಾರ್ಜಿಗೆ ಮುಗಿದುಹೋದರೆ, ಹಚಿನ್ಸ್ ಎತ್ತಿದ ಪ್ರಶ್ನೆ ಚಾಮರಾಜನಗರದಲ್ಲೂ ನಿಲ್ಲುತ್ತದೆ. ಹಾಗೆಂದು ಜರ್ಸಿ ತೊಟ್ಟ ಮಗುವಿನ ಖುಷಿಯನ್ನು ಕಿತ್ತುಕೊಳ್ಳಬೇಕೆಂದಲ್ಲ. ಉಳಿದವರ ಪಾಲು ಯಾವುದೆಂದು ಕೇಳಬೇಕು ಅಷ್ಟೆ.

ನಿಲ್ಲಿಸಿದ್ದೂ ಶಾಶ್ವತವಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯ 2014ರಲ್ಲಿ ಖರ್ಚು ಹೆಚ್ಚೆಂದು ಫುಟ್‌ಬಾಲ್ ನಿಲ್ಲಿಸಿ, ಜನರ ಒತ್ತಡ ಮತ್ತು ದೇಣಿಗೆಯ ಬಲದಿಂದ 2017ರಲ್ಲಿ ಮತ್ತೆ ಆಡಿತು. ಅಂದರೆ ಯಾವುದಕ್ಕೆ ಹಣ ಎಂಬುದನ್ನು ಲೆಕ್ಕಪುಸ್ತಕ ಒಂದೇ ತೀರ್ಮಾನಿಸುವುದಿಲ್ಲ. ಕೇಳುವವರು ಇದ್ದರೆ ಹೋದದ್ದು ಮರಳುತ್ತದೆ.

ಪಿ.ಟಿ. ಪೀರಿಯಡ್ ಬಿಟ್ಟುಕೊಡಿ ಎಂದು ಕೇಳುವವರು ನಾಳೆ ನಾವೇ ಆಗಿರಬಹುದು. ಗಣಿತ, ವಿಜ್ಞಾನದ ಪಾಠ ಉಳಿದಿರುತ್ತದೆ, ಪರೀಕ್ಷೆ ಹತ್ತಿರ ಬಂದಿರುತ್ತದೆ. ಆಗ ಹಚಿನ್ಸ್ ಹೆಸರನ್ನು ಬೆಂಬಲಕ್ಕೆ ಕರೆಯುವುದು ಸುಲಭ. ಆದರೆ ಅವರು ಮುಚ್ಚಿದ್ದು ಕೆಲವರು ಆಡಿ ಸಾವಿರಾರು ಜನ ನೋಡುತ್ತಿದ್ದ ಆಟವನ್ನು. ನಮ್ಮ ವೇಳಾಪಟ್ಟಿಯ ಪಿ.ಟಿ. ಪೀರಿಯಡ್ ತರಗತಿಯ ಎಲ್ಲ ಮಕ್ಕಳೂ ಆಡಬಹುದಾದ ಒಂದೇ ಆಟ. ವಾರಕ್ಕೆ ಎರಡೇ ಸಲ ಬರುವ ಆ ನಲವತ್ತು ನಿಮಿಷಗಳನ್ನು ಕೇಳುವ ಮುಂಚೆ, ಅವು ಯಾರ ಪಾಲಿನವು ಎಂದು ಒಮ್ಮೆ ಎಣಿಸಿ ನೋಡೋಣ.