ಹಾವುಗಲ್ಲುಗಳ ಹುಡುಗಿ ಮೇರಿ ಆ್ಯನಿಂಗ್

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಪ್ರಾಂತದಲ್ಲಿ ಲೈಮ್ ರೀಜಿಸ್ ಎಂಬ ಸಣ್ಣ ಊರಿದೆ. ಅದರ ಇಕ್ಕೆಲಗಳಲ್ಲಿ ಕಡಲಿಗೆ ಮುಖಮಾಡಿ ನಿಂತ ಕಡಿದಾದ ದಿಬ್ಬಗಳಲ್ಲಿ ಸುಣ್ಣಕಲ್ಲು ಮತ್ತು ಜೇಡಿಗಲ್ಲಿನ ಪದರಗಳು ಹೊತ್ತಗೆಯ ಹಾಳೆಗಳಂತೆ ಒಂದರ ಮೇಲೊಂದು ಕುಳಿತಿವೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತು; ಅದರ ತಳದ ಕೆಸರೇ ಗಟ್ಟಿಗೊಂಡು ಇಂದಿನ ದಿಬ್ಬವಾಗಿದೆ. ಈ ಹೊತ್ತಗೆಯನ್ನು ಓದಲು ಕಲಿತವರಲ್ಲಿ ಅಗ್ರಗಣ್ಯಳಾದವಳು ಆ ಊರಿನ ಬಡ ಬಡಗಿಯೊಬ್ಬನ ಮಗಳು, ಮೇರಿ ಆ್ಯನಿಂಗ್.

ಮೇರಿ ಜನಿಸಿದ್ದು 1799ನೆಯ ಇಸವಿ ಮೇ 21ರಂದು. ತಂದೆ ರಿಚರ್ಡ್ ಆ್ಯನಿಂಗನಿಗೆ ಹುಟ್ಟಿದ ಅನೇಕ ಮಕ್ಕಳಲ್ಲಿ ಬದುಕಿ ಬೆಳೆದವರು ಮೇರಿ ಮತ್ತು ಆಕೆಯ ಅಣ್ಣ ಜೋಸೆಫ್ ಇಬ್ಬರೇ. ಆಕೆ ಇನ್ನೂ ಹಸುಗೂಸಾಗಿದ್ದಾಗ, 1800ರ ಆಗಸ್ಟ್ 19ರಂದು, ಮರವೊಂದರ ಕೆಳಗೆ ನಿಂತಿದ್ದವರಿಗೆ ಸಿಡಿಲು ಬಡಿಯಿತು. ಮಗುವನ್ನು ಎತ್ತಿಕೊಂಡಿದ್ದವಳೂ ಸೇರಿ ಮೂವರು ಹೆಂಗಸರು ಅಸುನೀಗಿದರು. ಮಗು ಮಾತ್ರ ಉಳಿಯಿತು. ಆಕೆಯ ಚುರುಕುಬುದ್ಧಿಗೆ ಆ ಸಿಡಿಲೇ ಕಾರಣವೆಂದು ಊರವರು ನಂಬಿದ್ದರು. ನಿಜವಾದ ಕಾರಣವನ್ನು ತಂದೆಯ ಜೊತೆ ದಿಬ್ಬದ ಬುಡದಲ್ಲಿ ಕಳೆದ ದಿನಗಳಲ್ಲಿ ಹುಡುಕುವುದು ಹೆಚ್ಚು ಯುಕ್ತ. ಬಡಗಿತನದ ಅಲ್ಪ ಆದಾಯ ಸಾಲದೆ ರಿಚರ್ಡನು ದಿಬ್ಬದಿಂದ ಉದುರಿದ ವಿಚಿತ್ರ ಶಿಲೆಗಳನ್ನು ಆಯ್ದು ಪ್ರವಾಸಿಗರಿಗೆ ಮಾರುತ್ತಿದ್ದನು. ಮಕ್ಕಳಿಗೂ ಆ ವಿದ್ಯೆಯನ್ನು ಕಲಿಸಿದ್ದನು.

ಆ ಶಿಲೆಗಳಲ್ಲಿ ಹೆಚ್ಚಿನವು ಅಮೋನೈಟುಗಳು. ಸುರುಳಿ ಸುತ್ತಿಕೊಂಡ ಅವುಗಳ ಆಕಾರವನ್ನು ಕಂಡು ಜನ ಅವನ್ನು ಹಾವುಗಲ್ಲುಗಳೆಂದು ಕರೆಯುತ್ತಿದ್ದರು. ಟಗರಿನ ಕೊಂಬುಗಳುಳ್ಳ ಈಜಿಪ್ಟಿನ ಅಮೋನ್ ದೇವತೆಯಿಂದ ಬಂದ ಹೆಸರದು. ನೇಪಾಳದ ಕಾಲಿಗಂಡಕಿ ನದಿಯ ಸಾಲಿಗ್ರಾಮಗಳಲ್ಲಿ ಕಾಣುವ ಚಕ್ರದ ಗುರುತೂ ಅಮೋನೈಟಿನದೇ. ಹೊರನೋಟಕ್ಕೆ ಬಸವನಹುಳುವಿನ ಚಿಪ್ಪಿನಂತಿದ್ದರೂ ಈ ಪ್ರಾಣಿ ಆಕ್ಟೋಪಸ್, ಸ್ಕ್ವಿಡ್‌ಗಳಿಗೆ ಹತ್ತಿರದ ಬಂಧು. ಚಿಪ್ಪಿನೊಳಗೆ ಸಾಲುಸಾಲಾಗಿ ಕೋಣೆಗಳು. ಪ್ರಾಣಿಯ ವಾಸ ಕಟ್ಟಕಡೆಯ ಕೋಣೆಯಲ್ಲಿ. ಉಳಿದವುಗಳ ಮೂಲಕ ಹಾದುಹೋಗುವ ಸಣ್ಣ ನಾಳವು ಅವುಗಳೊಳಗಿನ ದ್ರವವನ್ನು ಹೀರಿ, ಪ್ರಾಣಿಯನ್ನು ನೀರಿನಲ್ಲಿ ತೇಲಿಸುತ್ತಿತ್ತು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಈ ಕುಲವೇ ನಿರ್ನಾಮವಾಯಿತು.

1810ರಲ್ಲಿ ರಿಚರ್ಡನು ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು 120 ಪೌಂಡುಗಳ ಸಾಲ. ಹನ್ನೊಂದು ವರ್ಷದ ಮೇರಿ ಒಂದು ದಿನ ಕಡಲಂಚಿನಲ್ಲಿ ಹೆಕ್ಕಿತಂದ ಅಮೋನೈಟೊಂದಕ್ಕೆ ಹಾದಿಯಲ್ಲಿ ಸಿಕ್ಕ ಮಹಿಳೆಯೊಬ್ಬಳು ಅರ್ಧ ಕ್ರೌನ್ ನಾಣ್ಯ ಕೊಟ್ಟಳೆಂದೂ, ಆ ನಾಣ್ಯವೇ ಆಕೆಯ ಮುಂದಿನ ವೃತ್ತಿಯನ್ನು ನಿಶ್ಚಯಿಸಿತೆಂದೂ ಹೇಳುತ್ತಾರೆ. ಸಾಹುಕಾರರ ಮನೆಗಳಲ್ಲಿ ವಿನೋದಕ್ಕಾಗಿ ನಡೆಯುತ್ತಿದ್ದ ಶಿಲಾಸಂಗ್ರಹ ಈ ಮನೆಯಲ್ಲಿ ಒಲೆ ಉರಿಸುವ ಉಪಾಯವಾಯಿತು. ಇದರ ಕಾಲ ಚಳಿಗಾಲ. ಬಿರುಗಾಳಿಗೆ ದಿಬ್ಬ ಕುಸಿದು ಹೊಸ ಪದರಗಳು ಬಯಲಾಗುತ್ತಿದ್ದವು. ಮುಂದಿನ ಭರತ ಬಂದು ಕೊಚ್ಚಿಕೊಂಡು ಹೋಗುವ ಮೊದಲೇ ಅವನ್ನು ಆಯಬೇಕಾಗಿತ್ತು. ಮೇಲಿನಿಂದ ಇನ್ನಷ್ಟು ಬಂಡೆ ಉರುಳುವ ಭಯ ಸದಾ ಇದ್ದದ್ದೇ. 1833ರಲ್ಲಿ ಇಂತಹ ಕುಸಿತವೊಂದು ಆಕೆಯ ಕಾಲ ಬಳಿಯೇ ಇದ್ದ ಮೆಚ್ಚಿನ ನಾಯಿ ಟ್ರೇಯನ್ನು ಬಲಿ ತೆಗೆದುಕೊಂಡಿತು; ಕೂದಲೆಳೆಯಷ್ಟರಲ್ಲಿ ಆಕೆ ಪಾರಾದಳು.

1811ರಲ್ಲಿ ಜೋಸೆಫನ ಕಣ್ಣಿಗೆ ಭಾರಿ ತಲೆಬುರುಡೆಯೊಂದು ಬಿತ್ತು. ಮರುವರ್ಷ ಮೇರಿ ಅದರ ಉಳಿದ ದೇಹವನ್ನು ಪತ್ತೆಹಚ್ಚಿದಳು. ಸುಮಾರು 17 ಅಡಿ ಉದ್ದದ ಆ ಜಲಚರಕ್ಕೆ ಮುಂದೆ ಇಕ್ಥಿಯೋಸಾರ್ ಎಂಬ ಹೆಸರಾಯಿತು. ಕುಟುಂಬಕ್ಕೆ ದೊರೆತದ್ದು 23 ಪೌಂಡು. ಕೆಲವೇ ವರ್ಷಗಳ ತರುವಾಯ ಬ್ರಿಟಿಷ್ ಮ್ಯೂಸಿಯಂ ಅದಕ್ಕೆ ಸುಮಾರು ಎರಡರಷ್ಟು ಬೆಲೆ ತೆತ್ತಿತು. ಇಷ್ಟಾಗಿಯೂ ದಾರಿದ್ರ್ಯ ತೊಲಗಲಿಲ್ಲ. 1820ರಲ್ಲಿ ಬಾಡಿಗೆ ತೆರಲಾರದೆ ಮನೆಯ ಸಾಮಾನುಗಳನ್ನೇ ಮಾರುವ ಸ್ಥಿತಿಗೆ ಇಳಿದಿದ್ದ ಈ ಸಂಸಾರವನ್ನು ಕಂಡವನು ಥಾಮಸ್ ಬರ್ಚ್ ಎಂಬ ನಿವೃತ್ತ ಸೈನ್ಯಾಧಿಕಾರಿ. ಇವರಿಂದಲೇ ಕೊಂಡು ವರ್ಷಗಟ್ಟಲೆ ಕೂಡಿಸಿದ್ದ ತನ್ನ ಶಿಲಾಸಂಗ್ರಹವನ್ನು ಅವನು ಲಂಡನ್ನಿನಲ್ಲಿ ಹರಾಜಿಗಿಟ್ಟನು. ಬಂದ 400 ಪೌಂಡು ಆ್ಯನಿಂಗ್ ಕುಟುಂಬಕ್ಕೆ ಸಂದಿತು. ವಿದ್ಯಾಪ್ರೇಮಿಯೊಬ್ಬನು ತನಗೆ ಪ್ರಿಯವಾದುದನ್ನೇ ಕೊಟ್ಟ ದಾನವಿದು.

ಮೇರಿಗೆ ಶಾಲೆಯೆಂದು ದೊರೆತದ್ದು ಚರ್ಚಿನ ಭಾನುವಾರದ ಪಾಠಶಾಲೆಯೊಂದೇ. ಅಲ್ಲಿ ಕಲಿತ ಅಕ್ಷರಗಳ ಬಲದಿಂದಲೇ ಆಕೆ ವಿದ್ವಾಂಸರ ಪ್ರಬಂಧಗಳನ್ನು ಎರವಲು ತಂದು, ಚಿತ್ರಸಹಿತ ಕೈಯಾರೆ ನಕಲು ಮಾಡಿ ಓದಿದಳು. ಪಳೆಯುಳಿಕೆಗಳ ರಚನೆ ತಿಳಿಯಲೆಂದು ಮೀನುಗಳನ್ನೂ ಕಟ್ಲ್‌ಫಿಶ್‌ಗಳನ್ನೂ ಕೊಯ್ದು ನೋಡಿದಳು. ಅಮೋನೈಟಿನ ಬಂಧುಗಳಾದ ಬೆಲೆಮ್ನೈಟುಗಳಲ್ಲಿ ಒಣಗಿದ ಮಸಿಚೀಲ ಇರುವುದನ್ನು ಆಕೆ ಗುರುತಿಸಿದಳು. ಗೆಳತಿ ಎಲಿಜಬೆತ್ ಫಿಲ್‌ಪಾಟ್ ಆ ಮಸಿಯನ್ನು ನೀರಿನಲ್ಲಿ ಕದಡಿ, ಅದರಿಂದಲೇ ಪಳೆಯುಳಿಕೆಗಳ ಚಿತ್ರ ಬರೆದಳು.

1823ರ ಡಿಸೆಂಬರಿನಲ್ಲಿ ದೊರೆತ ಪ್ಲೀಸಿಯೋಸಾರ್ ಆಕೆಯ ಬದುಕಿನ ಅಗ್ನಿಪರೀಕ್ಷೆಯಾಯಿತು. ಅದರ ಕತ್ತು ನಂಬಲಾಗದಷ್ಟು ನೀಳ. ಆ ಕಾಲದ ಅಂಗರಚನಾಶಾಸ್ತ್ರದ ಸಾರ್ವಭೌಮನೆನಿಸಿದ್ದ ಪ್ಯಾರಿಸಿನ ಕ್ಯೂವಿಯೇ, ಇದು ಬೇರೆ ಬೇರೆ ಪ್ರಾಣಿಗಳ ಮೂಳೆ ಜೋಡಿಸಿದ ಕೃತಕವಸ್ತುವಿರಬೇಕೆಂದು ಶಂಕಿಸಿದನು. ಆ ಮಾತು ನಿಂತಿದ್ದರೆ ಆಕೆಯ ಒಂದು ಅಮೋನೈಟನ್ನೂ ಯಾರೂ ಕೊಳ್ಳುತ್ತಿರಲಿಲ್ಲ. ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯಲ್ಲಿ ವಿಚಾರ ನಡೆಯಿತು. ಅಸ್ಥಿಪಂಜರ ನಿಜವಾದುದೆಂದು ಸಿದ್ಧವಾಯಿತು. ಕ್ಯೂವಿಯೇ ತನ್ನ ತಪ್ಪನ್ನು ಒಪ್ಪಿಕೊಂಡನು. ಆದರೆ 1824ರ ಫೆಬ್ರವರಿಯಲ್ಲಿ ಅದೇ ಸಂಸ್ಥೆಯಲ್ಲಿ ಕಾನಿಬೇರ್ ಎಂಬ ವಿದ್ವಾಂಸನು ಆ ಪ್ರಾಣಿಯನ್ನು ವರ್ಣಿಸಿದಾಗ ಅದನ್ನು ಅಗೆದು ತೆಗೆದವಳ ಹೆಸರನ್ನೇ ಎತ್ತಲಿಲ್ಲ. ಆ ಸಭೆಗೆ ಆಕೆ ಹೋಗುವಂತೆಯೂ ಇರಲಿಲ್ಲ. ಸಂಸ್ಥೆಯು ಸ್ತ್ರೀಯರನ್ನು ಸದಸ್ಯರನ್ನಾಗಿ ಸ್ವೀಕರಿಸಿದ್ದು 1919ರಲ್ಲಿ. ತನ್ನ ಜ್ಞಾನವನ್ನು ಹೀರಿಕೊಂಡವರು ತನ್ನನ್ನು ಮರೆತರೆಂಬ ನೋವು ಆಕೆಯನ್ನು ಕಾಡಿತ್ತೆಂದು ಗೆಳತಿಯೊಬ್ಬಳ ಬರಹದಿಂದ ತಿಳಿಯುತ್ತದೆ. ಆ ನೋವು ನ್ಯಾಯವಾದುದು.

ಎಲ್ಲರೂ ಹಾಗಿರಲಿಲ್ಲವೆನ್ನುವುದೂ ಸತ್ಯವೇ. ಬಾಲ್ಯದ ಗೆಳೆಯ ಹೆನ್ರಿ ಡೆ ಲಾ ಬೀಚ್ 1830ರಲ್ಲಿ ಆಕೆಯ ಶೋಧಗಳ ಆಧಾರದಿಂದ ಪ್ರಾಚೀನ ಕಡಲಿನ ದೃಶ್ಯವೊಂದನ್ನು ಚಿತ್ರಿಸಿ, ಪ್ರತಿಗಳ ಮಾರಾಟದ ಹಣವನ್ನು ಆಕೆಗೇ ಕೊಡಿಸಿದನು. ಉಳಿತಾಯವೆಲ್ಲ ಮುಳುಗಿಹೋದಾಗ ಬಕ್‌ಲಂಡ್ ಮುಂದಾಗಿ ವರ್ಷಕ್ಕೆ 25 ಪೌಂಡುಗಳ ಆಶ್ರಯವೇತನ ದೊರಕಿಸಿದನು. ಸ್ವಿಟ್ಸರ್ಲೆಂಡಿನ ಅಗಾಸಿ ಎರಡು ಪುರಾತನ ಮೀನುಗಳಿಗೆ ಆಕೆಯ ಹೆಸರನ್ನಿಟ್ಟನು.

ಸ್ತನದ ಅರ್ಬುದರೋಗದಿಂದ ಮೇರಿ 1847ರ ಮಾರ್ಚ್ 9ರಂದು ತೀರಿಕೊಂಡಳು. ಆಗ ಆಕೆಗೆ 47 ವರ್ಷ. ಒಂದು ದಶಕದೊಳಗೆ ಜರ್ಮನಿಯ ಆಲ್ಬರ್ಟ್ ಓಪೆಲ್, ಒಂದೊಂದು ಪದರಕ್ಕೆ ಒಂದೊಂದು ಬಗೆಯ ಅಮೋನೈಟ್ ವಿಶಿಷ್ಟವೆಂಬುದನ್ನು ಹಿಡಿದು ಜುರಾಸಿಕ್ ಯುಗದ ಶಿಲೆಗಳನ್ನು ಕಾಲಾನುಕ್ರಮದಲ್ಲಿ ವಿಂಗಡಿಸಿದನು. ಆಕೆ ಪುಡಿಗಾಸಿಗೆ ಮಾರಿದ ಹಾವುಗಲ್ಲುಗಳೇ ಶಿಲೆಗಳ ವಯಸ್ಸನ್ನು ಹೇಳುವ ಸಾಧನಗಳಾದವು.

ಲೈಮಿನ ಚರ್ಚಿನಲ್ಲಿ ಜಿಯಾಲಾಜಿಕಲ್ ಸೊಸೈಟಿಯ ಸದಸ್ಯರೂ ಸೇರಿ ಆಕೆಯ ನೆನಪಿಗೆ ಬಣ್ಣದ ಗಾಜಿನ ಕಿಟಕಿಯೊಂದನ್ನು 1850ರಲ್ಲಿ ಸಮರ್ಪಿಸಿದರು. ಆಕೆ ಹುಟ್ಟಿದ ಮನೆಯ ನಿವೇಶನದಲ್ಲಿ ಈಗ ಊರಿನ ವಸ್ತುಸಂಗ್ರಹಾಲಯವಿದೆ. ಇಷ್ಟು ದೊಡ್ಡವಳಿಗೆ ಒಂದು ಪ್ರತಿಮೆಯೂ ಏಕಿಲ್ಲವೆಂದು ಶಾಲಾಬಾಲಕಿಯೊಬ್ಬಳು ಕೇಳಿದ ಪ್ರಶ್ನೆಯಿಂದ ಮೊದಲಾದ ಪ್ರಯತ್ನ ಸಾರ್ವಜನಿಕರ ದೇಣಿಗೆಯಿಂದ ಕೈಗೂಡಿ, 2022ರ ಮೇ 21ರಂದು, ಆಕೆಯ ಜನ್ಮದಿನದಂದೇ, ಕಡಲಿನ ಸಮೀಪದಲ್ಲಿ ಪ್ರತಿಮೆ ಅನಾವರಣಗೊಂಡಿತು. ಕಂಚಿನ ಮೇರಿಯ ಜೊತೆಗೆ ಟ್ರೇ ಕೂಡ ಇದೆ. ಆ ಊರಿನ ಬೀದಿದೀಪದ ಕಂಬಗಳನ್ನು ಅಮೋನೈಟಿನ ಸುರುಳಿಯ ಆಕಾರದಲ್ಲಿ ಎರಕ ಹೊಯ್ದು ನಿಲ್ಲಿಸಿದ್ದಾರೆ.